ಮುಖ ನೋಡಿ ಆರಿಸಿದ ಗಾಯಕಿಯನ್ನು ವೇದಿಕೆಯಲ್ಲಿ ಹಾಡಿಸಿದ್ದು: ನನ್ನ ಅನುಭವ

ಮೊನ್ನೆಯ ಶೋನಲ್ಲಿ ನಾಲ್ಕನೇ ಹಾಡು ಶುರುವಾಗುವ ಮೊದಲು ಮಿಕ್ಸರ್ ಹತ್ತಿರ ಹೋಗಿ, ಬ್ಯಾಕಿಂಗ್ ಟ್ರ್ಯಾಕ್‌ನಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಮುಖ್ಯ ಹಾಡುಧ್ವನಿಯನ್ನು ಪೂರ್ತಿ ಇಳಿಸಿ ಅಂದೆ. ಸೌಂಡ್ ಎಂಜಿನಿಯರ್ ಒಮ್ಮೆ ನನ್ನ ಮುಖ ನೋಡಿ ಇಳಿಸಿದರು. ಅಲ್ಲಿಂದ ಮುಂದೆ ಸುಮಾರು 50 ನಿಮಿಷ ಜನ ಕೇಳಿದ್ದೆಲ್ಲ ವೇದಿಕೆಯಲ್ಲಿದ್ದ ನಮ್ಮ ಗಾಯಕಿಯ ಗಂಟಲಿನದೇ. ಕುಣಿಯುತ್ತಲೇ ಹಾಡಿದಳು. ಎರಡು ಕಡೆ ಶ್ರುತಿ ಸ್ವಲ್ಪ ಜಾರಿತು, ಒಂದು ಕಡೆ ಸಾಲಿನ ಕೊನೆ ನುಂಗಿದಳು, ಅಷ್ಟೇ. ಹದಿನಾಲ್ಕು ತಿಂಗಳ ಹಿಂದೆ ಇದೇ ಹುಡುಗಿಗೆ ಲಿಪ್ ಸಿಂಕ್ ಬಿಟ್ಟರೆ ಗತಿಯಿಲ್ಲ ಅಂದವರು ಮೂವರು, ಮೂವರೂ ಈ ಕಸುಬಿನಲ್ಲಿ ನನಗಿಂತ ಹಿರಿಯರು. ಅವರ ಮೇಲೆ ಸಿಟ್ಟಿಲ್ಲ. ಆದರೆ ಆಗುವುದಿಲ್ಲ ಅಂದದ್ದು ಹೇಗೆ ಆಯಿತು ಅಂತ ಬರೆದಿಡಬೇಕು ಅನ್ನಿಸಿತು.

ಆಕೆ ಆಯ್ಕೆಯಾದದ್ದು ಫೋಟೊ ಮತ್ತು ಡ್ಯಾನ್ಸ್ ವಿಡಿಯೊಗಳ ಮೇಲೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಕಂಪನಿಯವರು ನನ್ನ ಹತ್ತಿರ ಕಳಿಸಿ, ಧ್ವನಿ ನೀವು ನೋಡಿಕೊಳ್ಳಿ ಅಂದರು. ಮೊದಲ ಹಾಡಿಗೆ 60ರ ಹತ್ತಿರ ಟೇಕ್ ಆದವು. ಸಾಲು ಸಾಲಾಗಿ ಅಲ್ಲ, ಅಕ್ಷರ ಅಕ್ಷರ ಹೆಕ್ಕಿ ಒಂದೇ ಹಾಡಾಗಿ ಜೋಡಿಸಿದೆ. ಮೂರು ರಾತ್ರಿ ಸ್ವರ ತಿದ್ದುವ ಸಾಫ್ಟ್‌ವೇರ್ ಮೆಲೊಡೈನ್ ಮುಂದೆ ಕೂತು, 40-50 ಸೆಂಟ್ (ಪಿಯಾನೊದ ಪಕ್ಕಪಕ್ಕದ ಎರಡು ಸ್ವರಗಳ ಅಂತರ, ಅಂದರೆ ಒಂದು ಸೆಮಿಟೋನ್, ನೂರು ಸೆಂಟ್) ಜಾರಿದ್ದ ಸ್ವರಗಳನ್ನು ಎಳೆದು ತಂದು ಕೂರಿಸಿದೆ. ಅಷ್ಟು ದೂರ ಎಳೆದರೆ ಧ್ವನಿಯ ಜೀವವೇ ಹೋಗುತ್ತದೆ. ಹಾಡು ಥಳಥಳ ಹೊಳೆಯುತ್ತಿತ್ತು, ಒಳಗೆ ಮನುಷ್ಯರು ಯಾರೂ ಇರಲಿಲ್ಲ. ಆಗ ಮೇಲಿನಿಂದ ಸಲಹೆ ಬಂತು: ಟ್ರ್ಯಾಕ್ ಹಾಡಿದವಳ (ಮಾದರಿಗೆಂದು ಮೊದಲೇ ಹಾಡಿಟ್ಟವಳ) ಧ್ವನಿಯನ್ನೇ ಕೆಳಗೆ ಉಳಿಸಿಬಿಡಿ, ಯಾರಿಗೆ ಗೊತ್ತಾಗುತ್ತದೆ?

ಉಳಿಸಿದೆ. ಆ ಹಾಡಿನ ಕೋರಸ್‌ನಲ್ಲಿ ಕೇಳುವುದು ಅರ್ಧಕ್ಕಿಂತ ಹೆಚ್ಚು ಟ್ರ್ಯಾಕ್ ಗಾಯಕಿಯನ್ನೇ. ಅವಳ ಹೆಸರು ಎಲ್ಲೂ ಹಾಕಲಿಲ್ಲ. ಅದು ನನ್ನನ್ನು ತಿಂಗಳುಗಟ್ಟಲೆ ಚುಚ್ಚಿತು. ಬೇರೆಯವರು ಹಾಡಿದ್ದಕ್ಕೆ ಬಾಯಾಡಿಸಿದ ಮಿಲಿ ವನಿಲಿ ಎಂಬ ಪಾಪ್ ಜೋಡಿಯಿಂದ 1990ರ ನವೆಂಬರ್‌ನಲ್ಲಿ ಗ್ರ್ಯಾಮಿ ವಾಪಸ್ ಪಡೆದ ಕತೆ ನಮ್ಮವರಿಗೆಲ್ಲ ಗೊತ್ತು. ಬೈಗುಳವೆಲ್ಲ ಬಿದ್ದದ್ದು ಆ ಇಬ್ಬರು ಹುಡುಗರಿಗೆ. ಅವರನ್ನು ತಂದು ನಿಲ್ಲಿಸಿದ ನಿರ್ಮಾಪಕ ಫ್ರಾಂಕ್ ಫಾರಿಯನ್, ಅದಕ್ಕೂ ಮೊದಲೇ ಬೋನಿ ಎಂ ತಂಡದಲ್ಲಿ ಮುಂದೆ ಕುಣಿಯುವವನ ಬಾಯಿಗೆ ಸ್ಟುಡಿಯೊದಲ್ಲಿ ತನ್ನ ಧ್ವನಿ ಕೊಟ್ಟಿದ್ದವನು. ನನ್ನನ್ನು ಅದಕ್ಕಿಂತ ಕಾಡುವುದು ಅಮೆರಿಕದ ಗಾಯಕಿ ಮಾರ್ತಾ ವಾಶ್. 1990ರ ಸುಮಾರಿನ ಡ್ಯಾನ್ಸ್ ಹಿಟ್‌ಗಳಲ್ಲಿ ಜಗತ್ತು ಕೇಳಿದ್ದು ಆಕೆಯ ಗಂಟಲನ್ನು, ವಿಡಿಯೊಗಳಲ್ಲಿ ಬಾಯಾಡಿಸಿದ್ದು ತೆಳ್ಳಗಿನ ಬೇರೆ ಹೆಂಗಸರು. ತನ್ನ ಹೆಸರಿಗಾಗಿ ಆಕೆ ಕೋರ್ಟಿಗೆ ಹೋಗಬೇಕಾಯಿತು. ನಾನೂ ಅಂಥದ್ದೇ ಒಂದು ಕೆಲಸ ಮಾಡಿ ಮುಗಿಸಿದ್ದೆ.

ಇನ್ನು ದುಡ್ಡಿನ ವಿಷಯ. ಮೊದಲ ಹಾಡಿಗೆ ಆದ ಖರ್ಚನ್ನು ನೂರು ಪಾಲು ಅಂದುಕೊಳ್ಳಿ. ನೆನಪಿನ ಮೇಲೆ ಹೇಳುವುದಾದರೆ 55 ವಿಡಿಯೊಗೆ, 20 ಬಟ್ಟೆ, ಕೂದಲು, ಫೋಟೊಗಳಿಗೆ, 15 ಪ್ರಚಾರಕ್ಕೆ. ಉಳಿದ ಹತ್ತರಲ್ಲಿ ವಾದ್ಯ, ರೆಕಾರ್ಡಿಂಗ್, ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲ ಬಂತು. ಹಾಡುವುದನ್ನು ಕಲಿಸಲು ಒಂದು ಪಾಲೂ ಇರಲಿಲ್ಲ. ಸಾಲದ್ದಕ್ಕೆ ವಿಡಿಯೊ ಖರ್ಚಿನ ಅರ್ಧವನ್ನು ಆಕೆಯ ರಾಯಲ್ಟಿಯಿಂದಲೇ ಮುರಿದುಕೊಳ್ಳುವಂತೆ ಒಪ್ಪಂದ. ಹಾಡು ಓಡಿತು, ಆಕೆಯ ಕೈಗೆ ಏನೂ ಹತ್ತಲಿಲ್ಲ. ಲೆಕ್ಕದ ಹಾಳೆ ತಂದು ನನ್ನ ಮುಂದಿಟ್ಟಳು. "ಸರ್, ಶೋ ಮಾಡಿದರೆ ಮಾತ್ರ ನನಗೆ ದುಡ್ಡು. ಅಲ್ಲೂ ಬರೀ ಬಾಯಾಡಿಸಿದರೆ ಎಷ್ಟು ದಿನ ಕರೀತಾರೆ? ಕಲಿಸಿಕೊಡಿ."

ಕೇಳಿದ್ದು ಆಕೆಯೇ, ಅದನ್ನು ಮರೆಯಬಾರದು. ಮುಖ ಚೆನ್ನಾಗಿರುವವರಿಗೆ ಹಾಡುವ ಆಸೆ ಇರುವುದಿಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ. ಅದು ಶುದ್ಧ ಸುಳ್ಳು. ನಾನು ಹೋಗಿ ಒಂದು ಪಟ್ಟು ಹಿಡಿದೆ: ನನ್ನ ಫೀಸನ್ನು ಮೂರನೇ ಒಂದಕ್ಕೆ ಇಳಿಸಿಕೊಳ್ಳುತ್ತೇನೆ, ಬದಲಿಗೆ ಶೋಗಳ ಗಳಿಕೆಯಲ್ಲಿ ನೂರಕ್ಕೆ ನಾಲ್ಕು ಕೊಡಿ, ಆರು ತಿಂಗಳು ನನ್ನ ತಂಟೆಗೆ ಬರಬೇಡಿ. ಒಪ್ಪಿದರು, ಅವರಿಗೆ ಅದು ಲಾಭದ ಮಾತೇ ಆಗಿತ್ತು. ಮೊದಲ ಎಂಟು ತಿಂಗಳು ಆ ನಾಲ್ಕರಿಂದ ನನಗೆ ಬಂದದ್ದು ಸೊನ್ನೆ. ಮನೆಯಲ್ಲಿ ಬೈಸಿಕೊಂಡೆ.

ಮೊದಲ ಎರಡು ತಿಂಗಳಂತೂ ಪೂರ್ತಿ ದಂಡ. ಪಿಯಾನೊ ಪಕ್ಕ ನಿಲ್ಲಿಸಿ ಹಾಡಿಸಿದೆ. ಶ್ರುತಿ 15-20 ಸೆಂಟಿನೊಳಗೆ ನಿಲ್ಲತೊಡಗಿತು, ಗೆದ್ದೆ ಅಂದುಕೊಂಡೆ. ಡ್ಯಾನ್ಸ್ ರಿಹರ್ಸಲ್‌ಗೆ ಕಾಲಿಟ್ಟ ದಿನ ಎರಡನೇ ಸಾಲಿಗೇ ಉಸಿರು ಕಡಿದುಹೋಯಿತು. ಆಕೆಗೆ ಬೇಕಾದದ್ದು ಒಂದು, ನಾನು ಕಲಿಸಿದ್ದು ಇನ್ನೊಂದು.

ಆಮೇಲೆ ಟ್ರೆಡ್‌ಮಿಲ್. ಅದರ ಮೇಲೆ ಹಾಡಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ, ಆದರೆ ನಾನು ಆತುರಪಟ್ಟೆ. ಎರಡನೇ ವಾರಕ್ಕೇ ಗಂಟೆಗೆ 9 ಕಿಲೋಮೀಟರ್‌ಗೆ ಏರಿಸಿದೆ. ಉಸಿರು ಸಾಲದೆ ಕತ್ತು ಬಿಗಿಹಿಡಿದು ಹಾಡತೊಡಗಿದಳು, ಗಂಟಲು ಕೂತಿತು. ವೈದ್ಯರು ಧ್ವನಿತಂತುಗಳು ಊದಿಕೊಂಡಿವೆ, ಹನ್ನೆರಡು ದಿನ ಮಾತೂ ಆಡಬೇಡಿ ಅಂದರು. ಎರಡು ಶೋ ಕೈಬಿಟ್ಟೆವು. ವಾಪಸ್ ಕೊಟ್ಟ ಮುಂಗಡದಲ್ಲಿ ಅರ್ಧ ನನ್ನ ಜೇಬಿನಿಂದ ಹೋಯಿತು, ತಪ್ಪು ನನ್ನದೇ ಆದ್ದರಿಂದ. ಮತ್ತೆ ಶುರುಮಾಡಿದಾಗ 5ರ ನಡಿಗೆಯಿಂದ ಹತ್ತಿ, ವಾರಕ್ಕೆ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ಏರಿಸಲಿಲ್ಲ. ಶುರುವಿಗೂ ಕೊನೆಗೂ ನೀರಿನ ಲೋಟಕ್ಕೆ ಸ್ಟ್ರಾ ಇಟ್ಟು ಸ್ವರ ಊದಿಸುತ್ತಿದ್ದೆ. ಸ್ಟ್ರಾ ಅಭ್ಯಾಸವನ್ನು ಮಕ್ಕಳಾಟ ಅನ್ನುವವರು ಇದ್ದಾರೆ. ಆಕೆಯ ಗಂಟಲನ್ನು ಉಳಿಸಿದ್ದು ಅದೇ.

ಇಷ್ಟಾದರೂ ಅರ್ಧ ದಾರಿ. ನಿಜವಾಗಿ ಕೈಹಿಡಿದದ್ದು ಕುಣಿತವನ್ನು ಉಸಿರಿಗೆ ಹೊಂದಿಸಿದ್ದು. ಸಾಹಿತ್ಯದ ಹಾಳೆಯಲ್ಲಿ ಉಸಿರು ಬೀಳುವ ಜಾಗಕ್ಕೆಲ್ಲ ಕೆಂಪು ಗೆರೆ ಎಳೆದು ನೃತ್ಯ ನಿರ್ದೇಶಕರ ಮುಂದಿಟ್ಟೆ. ಉದ್ದ ಸ್ವರದ ಮೇಲೆ ನಡು ಬಗ್ಗುವ ಹೆಜ್ಜೆ ಬೇಡ. ಜಿಗಿತವೆಲ್ಲ ಸಾಲು ಮುಗಿದ ಮೇಲಿನ ಎರಡು ಬಾರ್‌ಗಳಿಗೆ (ತಾಳದ ಎರಡು ಸುತ್ತಿಗೆ) ಹೋಗಲಿ. ಕೋರಸ್‌ಗೆ ಮುಂಚಿನ ನಾಲ್ಕು ಎಣಿಕೆ ಆಕೆ ಅಲುಗಾಡದೆ ನಿಲ್ಲಲಿ, ಸುತ್ತಲಿನವರು ಕುಣಿಯಲಿ. ಅವರು ಕೆಂಡವಾದರು. ನಿಂತರೆ ವೇದಿಕೆ ಸತ್ತುಹೋಗುತ್ತದೆ ಅಂದರು. ಎರಡೂ ಥರ ಚಿತ್ರೀಕರಿಸಿ ಒಟ್ಟಿಗೆ ಕೂತು ನೋಡಿದೆವು. ಎಂಟು ಜನ ಕುಣಿಯುವ ನಡುವೆ ಒಬ್ಬಳೇ ನಿಂತರೆ ಕಣ್ಣು ಹೋಗುವುದು ಅವಳ ಮೇಲೇ! ಮುಂದಿನ ಎರಡು ಹಾಡಿಗೆ ಅವರೇ ನನ್ನನ್ನು ಕೇಳಿ ಗೆರೆ ಹಾಕಿಸಿಕೊಂಡರು. ಇಮೇಜಿಗೂ ಉಸಿರಿಗೂ ಜಗಳವಿದೆ ಅಂತ ಅಷ್ಟು ವರ್ಷ ನಾನೂ ನಂಬಿದ್ದೆ.

ಶೋಗಳಿಗೆ ಎಲ್ಲ ಹಾಡನ್ನೂ ಎರಡು ಸೆಮಿಟೋನ್ ಇಳಿಸಿದೆ. ಮಿಂಚು ಹೋಗುತ್ತದೆ ಅಂದಿದ್ದರು. ಯಾರಿಗೂ ಹೇಳದೆ ಎರಡು ಶೋ ಮಾಡಿ ಆಮೇಲೆ ಹೇಳಿದೆ, ಅಲ್ಲಿಯವರೆಗೆ ಒಬ್ಬರಿಗೂ ಗೊತ್ತಾಗಿರಲಿಲ್ಲ. ವೇದಿಕೆಯಲ್ಲಿ ಆಕೆಯ ಕಿವಿಗೆ ಹೋಗುವ ಇನ್-ಇಯರ್ ಮಿಕ್ಸ್‌ನಲ್ಲೂ ಒಂದು ಬದಲಾವಣೆ ಮಾಡಿದ್ದೇನೆ, ಶ್ರುತಿ ಜಾರುವುದು ಅರ್ಧಕ್ಕರ್ಧ ಅದರಿಂದಲೇ ನಿಂತಿತು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಸದ್ಯಕ್ಕೆ ಅದು ನನ್ನ ಬಂಡವಾಳ. ಒಂದು ಸುಳಿವು ಕೊಡಬಲ್ಲೆ: ಹಾಡುವವರಿಗೆ ಅವರ ಧ್ವನಿಯನ್ನೇ ಜೋರಾಗಿ ಕೇಳಿಸುವುದು ಮದ್ದಲ್ಲ.

ಇದರ ನಡುವೆ ಒಂದು ಪ್ರಯೋಗ ಮಾಡಿದೆ, ಕೆಲಸಕ್ಕೆ ನೇರವಾಗಿ ಬೇಕಿರಲಿಲ್ಲ. ಟ್ರ್ಯಾಕ್ ಗಾಯಕಿಯ ಒಂದೇ ರೆಕಾರ್ಡಿಂಗನ್ನು ಪರಿಚಯದ 30 ಜನರಿಗೆ ಕೇಳಿಸಿದೆ. ಅರ್ಧ ಜನರಿಗೆ ಅವಳದೇ ಫೋಟೊ ತೋರಿಸಿ, ಉಳಿದವರಿಗೆ ನಮ್ಮ ಸ್ಟಾರ್ ಹುಡುಗಿಯ ಫೋಟೊ ತೋರಿಸಿ. ಹತ್ತಕ್ಕೆ ಅಂಕ ಕೊಡಿ ಅಂದೆ. ಸ್ಟಾರ್ ಫೋಟೊಗೆ ಎಂಟರ ಹತ್ತಿರ ಬಂತು, ಅವಳದೇ ಫೋಟೊಗೆ ಆರು ದಾಟಲಿಲ್ಲ. ಫೈಲ್ ಒಂದೇ! ಒಬ್ಬ ಕೀಬೋರ್ಡ್ ವಾದಕರಂತೂ ಅವಳ ಫೋಟೊ ನೋಡುತ್ತ, ಮೇಲಿನ ಸ್ವರದಲ್ಲಿ ಶ್ರುತಿ ಸ್ವಲ್ಪ ಕಡಿಮೆ ಅಂದರು. 2013ರಲ್ಲಿ ಚಿಯಾ-ಜಂಗ್ ಸೇ ಎಂಬ ಸಂಶೋಧಕಿ ಪ್ರಕಟಿಸಿದ ಅಧ್ಯಯನದಲ್ಲೂ ಇಂಥದ್ದೇ ಇದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಸ್ಪರ್ಧೆಯಲ್ಲಿ ಗೆದ್ದವರನ್ನು ಜನ ಸರಿಯಾಗಿ ಗುರುತಿಸಿದ್ದು ಶಬ್ದವೇ ಇಲ್ಲದ ವಿಡಿಯೊ ನೋಡಿ, ಬರೀ ಶಬ್ದ ಕೇಳಿ ಅಲ್ಲ. ಪಳಗಿದ ಸಂಗೀತಗಾರರ ಪಾಡೂ ಅದೇ. ಅವತ್ತಿನಿಂದ ಆಡಿಷನ್‌ನಲ್ಲಿ ನಾನು ಬೆನ್ನು ತಿರುಗಿಸಿ ಕೂರುತ್ತೇನೆ.

ಶ್ರುತಿಯನ್ನು ತಾನಾಗಿ ತಿದ್ದುವ ಆಟೊಟ್ಯೂನ್ ಬಿಟ್ಟಿರಾ ಅಂತ ಕೇಳುತ್ತಾರೆ. ಬಿಟ್ಟಿಲ್ಲ. 1997ರಲ್ಲಿ ಬಂದ ಆ ಸಲಕರಣೆ ಮರುವರ್ಷವೇ ಅಮೆರಿಕದ ಗಾಯಕಿ ಷೆರ್ ಹಾಡಿನಲ್ಲಿ ಬೇಕಂತಲೇ ಹಚ್ಚಿದ ಬಣ್ಣವಾಗಿ ಕೇಳಿತು, ಬಣ್ಣವಾಗಿ ಬಳಸಿದರೆ ನನ್ನ ತಕರಾರಿಲ್ಲ. ಈಗಿನ ಹೊಸ ಹಾಡಿಗೆ ಒಟ್ಟು ಏಳು ಟೇಕ್ ಸಾಕಾಯಿತು. ಮೆಲೊಡೈನ್‌ನಲ್ಲಿ ಮುಟ್ಟಿದ್ದು ಒಂಬತ್ತೋ ಹತ್ತೋ ಸ್ವರ. ಎರಡನೇ ಚರಣಕ್ಕೆ ಮುಂಚೆ ಆಕೆ ಎಳೆದುಕೊಂಡ ಉಸಿರನ್ನು ಮಿಕ್ಸ್‌ನಲ್ಲಿ ಹಾಗೇ ಉಳಿಸಿದ್ದೇನೆ.

ಆರು ತಿಂಗಳು ಕೇಳಿದ್ದೆ, ಹಿಡಿದದ್ದು ಹನ್ನೊಂದು. ಶೋಗಳು ತಿಂಗಳಿಗೆ ಎರಡು ಮೂರು ಇದ್ದದ್ದು ಏಳರವರೆಗೆ ಬಂದಿವೆ. ನಾನು ಬಿಟ್ಟುಕೊಟ್ಟ ಫೀಸನ್ನು ಆ ನಾಲ್ಕು ಪಾಲು ಹದಿಮೂರನೇ ತಿಂಗಳಲ್ಲಿ ದಾಟಿತು.

ಮೊದಲ ಹಾಡಿನ ಕ್ರೆಡಿಟ್‌ಗೆ ಟ್ರ್ಯಾಕ್ ಗಾಯಕಿಯ ಹೆಸರು ಕಳೆದ ತಿಂಗಳು ಸೇರಿತು. ಹೆಸರು ಹಾಕದಿದ್ದರೆ ಆ ಹಾಡು ವೇದಿಕೆಯಲ್ಲಿ ಹಾಡುವುದಿಲ್ಲ ಅಂತ ಪಟ್ಟು ಹಿಡಿದವಳು ನಮ್ಮ ಸ್ಟಾರ್ ಹುಡುಗಿಯೇ. ಈಗ ಆ ಟ್ರ್ಯಾಕ್ ಗಾಯಕಿಯದೇ ಮೂರು ಹಾಡು ರೆಕಾರ್ಡ್ ಮಾಡಿದ್ದೇನೆ, ಮೂರೂ ಪಂಚ್-ಇನ್ (ನಡುವೆ ತುಂಡು ಹಾಡಿಸಿ ಸೇರಿಸುವುದು) ಇಲ್ಲದ ಪೂರ್ತಿ ಟೇಕ್‌ಗಳು. ಕಂಪನಿಯವರು ಮೊದಲು ಫೋಟೊ ಕಳಿಸಿ ಅಂದರು. ಆಡಿಯೊ ಫೈಲ್ ಮಾತ್ರ ಕಳಿಸಿ ಒಂಬತ್ತು ದಿನ ಆಯಿತು, ಉತ್ತರ ಬಂದಿಲ್ಲ. ಫೋಟೊ ನಾನು ಕಳಿಸುವುದಿಲ್ಲ.