1945ರ ಅಮೆರಿಕ ನೌಕಾಪಡೆ: ಬಿಡುಗಡೆಯ ಅಂಕ ಕೂಡುವ ಬಗೆ

ಎರಡನೇ ಮಹಾಯುದ್ಧ ಮುಗಿದಾಗ ಯಾರನ್ನು ಮೊದಲು ಸೇವೆಯಿಂದ ಬಿಟ್ಟು ಮನೆಗೆ ಕಳಿಸಬೇಕೆಂದು ಈ ಅಂಕಗಳೇ ಹೇಳುತ್ತಿದ್ದವು. ವಯಸ್ಸಿನ ಪ್ರತಿ ವರ್ಷಕ್ಕೆ ಅರ್ಧ ಅಂಕ, 1939ರ ಸೆಪ್ಟೆಂಬರ್‌ನಿಂದೀಚೆಗಿನ ಸೇವೆಯ ಪ್ರತಿ ತಿಂಗಳಿಗೆ ಅರ್ಧ, ಅವಲಂಬಿತರಿದ್ದರೆ 10. ಇಷ್ಟನ್ನು ಕೂಡಿ. ಆಗಸ್ಟ್‌ನಲ್ಲಿ ಸಾರಿದಂತೆ ನಾವಿಕನಿಗೆ 44, ಅಧಿಕಾರಿಗೆ 49 ಬೇಕು.

ಎಡವುವುದು ಅವಲಂಬಿತರ ಲೆಕ್ಕದಲ್ಲಿ. ಹೆಂಡತಿಯೊಬ್ಬಳೇ ಇರಲಿ, ಜೊತೆಗೆ ಮೂರು ಮಕ್ಕಳಿರಲಿ, 10ರ ಮೇಲೆ ಸಿಗದು. ಮಕ್ಕಳಿಗೆ ತಲೆಗಿಷ್ಟೆಂದು ಕೊಟ್ಟದ್ದು ಭೂಸೇನೆ. 26ರ ವಿವಾಹಿತ ನಾವಿಕ, 40 ತಿಂಗಳ ಸೇವೆ: 13+20+10, ಅಂದರೆ 43. ಒಂದೇ ಅಂಕಕ್ಕೆ ಊರು ದೂರ! ಮೊದಲ ಸೂತ್ರದಲ್ಲಿ ಕಡಲಾಚೆಯ ಸೇವೆಗೆ ಬೆಲೆಯೇ ಇರಲಿಲ್ಲ. ಟೀಕೆ ಬಂದ ಮೇಲೆ ತಿಂಗಳಿಗೆ ಕಾಲು ಅಂಕ ಸೇರಿತು. ಅಂಥ ನಾಲ್ಕು ತಿಂಗಳಿದ್ದರೆ ಇವನು ಪಾರು.

ಹೊರಡುವ ಮುನ್ನ ಸಮವಸ್ತ್ರದ ಬಲ ಎದೆಗೆ, ಗೌರವದಿಂದ ಬಿಡುಗಡೆಯಾದ ಗುರುತಾಗಿ, ಹದ್ದಿನ ಲಾಂಛನ ಹೊಲಿಸಬೇಕಿತ್ತು. ಇಲ್ಲವಾದರೆ ದಾರಿಯಲ್ಲಿ ಸೇನಾ ಪೊಲೀಸರು ಓಡಿಬಂದವನೆಂದು ತಡೆದಾರು.