ದುಬಾರಿ ಬಾಣದ ಅಲಗಿಗೆ ರೊಕ್ಕ ಹಾಕಬೇಕೆ? ಸಾಣೆ ಹಿಡಿಯುವವನ ಲೆಕ್ಕ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಿಕರ್ವ್ ಅಥವಾ ಲಾಂಗ್‌ಬೋ ಅನ್ನುವ ಹಳೇ ಮಾದರಿಯ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರು ಮೂರು ಬ್ರಾಡ್‌ಹೆಡ್‌ಗೆ, ಅಂದರೆ ಬಾಣದ ತುದಿಗೆ ಹಾಕುವ ಬೇಟೆಯ ಅಲಗಿಗೆ, ನೂರು ಡಾಲರ್ ಕೊಡಬೇಕಾಗಿಲ್ಲ. ಹಾಗಂತ ತೀರ ಅಗ್ಗದ್ದನ್ನು ಮುಟ್ಟಲೂಬಾರದು. ನಡುವಿನ ಬೆಲೆಯ, ಎರಡು ಧಾರೆಯ, ಗಟ್ಟಿ ಉಕ್ಕಿನದನ್ನು ತಗೊಳ್ಳಿ. ಉಳಿದ ರೊಕ್ಕದಲ್ಲಿ ಒಂದು ಒಳ್ಳೆಯ ಫೈಲ್ (ಅರ), ಎರಡು ಸಾಣೆಕಲ್ಲು ಕೊಳ್ಳಿ. ಸಾಣೆ ಹಿಡಿಯಲು ಕೈ ಕೂಡಬೇಕು. ಅದು ಯಾವ ಡಬ್ಬಿಯಲ್ಲೂ ಬರುವುದಿಲ್ಲ.

ನಾನು ಬೇಟೆಗಾರನಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಟೂಲ್ ಗ್ರೈಂಡಿಂಗ್ ಮಾಡುತ್ತಲೇ ತಲೆ ನೆರೆತವನು. ಡ್ರಿಲ್, ರೀಮರ್, ಮಿಲ್ಲಿಂಗ್ ಕಟರ್ ಮೊಂಡಾದರೆ ಅಕ್ಕಪಕ್ಕದ ವರ್ಕ್‌ಶಾಪಿನವರು ನನ್ನ ಹತ್ತಿರ ತರುತ್ತಾರೆ. ನನ್ನ ಅಕ್ಕನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ಲೈಸೆನ್ಸ್ ತೆಗೆದುಕೊಂಡು, ಬಿಲ್ಲಿನ ಸೀಸನ್ ಶುರುವಾದ ಮೇಲೆ 45 ಪೌಂಡಿನ (ಎಳೆಯಲು ಅಷ್ಟು ಬಲ ಬೇಡುವ) ರಿಕರ್ವ್ ಹಿಡಿದು ಬಿಳಿಬಾಲದ ಜಿಂಕೆಗೆ ಕಾಯುತ್ತಾನೆ. ಊರಿಗೆ ಬಂದಾಗ ಚೆಕ್-ಇನ್ ಬ್ಯಾಗಿನಲ್ಲಿ ಮೂರು ಥರದ ಬ್ರಾಡ್‌ಹೆಡ್ ತಂದು ನನ್ನ ಮೇಜಿನ ಮೇಲಿಟ್ಟ.

"ಮಾಮಾ, ಇದು ಒಂದಕ್ಕ ನಲವತ್ತು ಡಾಲರ್. ಇದು ಹತ್ತು. ಇದು ಬರೇ ಮೂರು. ನಮ್ಮ ಗೆಳೆಯರು ನಲವತ್ತರದ್ದ ತಗೋ ಅಂತಾರ. ನೀವ್ ಏನಂತೀರಿ?"

"ಮೊದ್ಲ ಅಳತಿ ಮಾಡೂಣು, ಆಮ್ಯಾಲೆ ಮಾತಾಡೂಣು" ಅಂದೆ. ಕೆಳಗೆ ಬರೆದಿದ್ದರಲ್ಲಿ ಉಕ್ಕಿನ ಮಾತು ನನ್ನದು, ಕಾಡಿನ ಮಾತು ಅವನದು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಇದು ಬೇಟೆಗೆ ಕಾನೂನಿನ ಅನುಮತಿ ಇರುವ ದೇಶಗಳಲ್ಲಿ ನೆಲೆಸಿದ ಕನ್ನಡದವರಿಗಾಗಿ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಬಿಲ್ಲಿನಿಂದ ಹೊಡೆದರೂ ಅಪರಾಧವೇ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಬ್ರಿಟಿಷರಿಗೆ ಎದುರು ನಿಂತ ಹಲಗಲಿಯ ಬೇಡರ ಸೀಮೆಯಲ್ಲೇ, ಮುಧೋಳ-ಬೀಳಗಿ ಕಡೆ, ಈಗ ಯಡಹಳ್ಳಿ ಚಿಂಕಾರಾ ವನ್ಯಜೀವಿಧಾಮವಿದೆ. ಅಲ್ಲಿ ಆ ಚಿಂಕಾರಾಗಳು ಉಳಿದಿರುವುದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಇಲ್ಲಿ ಬಿಲ್ಲು ಹಿಡಿಯುವ ಹುಡುಗರಿಗೆ ಗುರಿ ಹಲಗೆ ಇದೆ, ಅದಕ್ಕೆ ಬ್ರಾಡ್‌ಹೆಡ್ ಬೇಕಿಲ್ಲ.

ಈಗ ವಿಷಯಕ್ಕೆ. ಗುಂಡು ಹೊಡೆತದ ಜೋರಿನಿಂದಲೂ ಕೊಲ್ಲುತ್ತದೆ. ಬಾಣಕ್ಕೆ ಆ ಜೋರಿಲ್ಲ. ಬಾಣ ಕೊಲ್ಲುವುದು ರಕ್ತನಾಳ ಕತ್ತರಿಸಿ, ರಕ್ತ ಹರಿಸಿ. 45 ಪೌಂಡಿನ ಬಿಲ್ಲು 500 ಗ್ರೇನ್ ಬಾಣವನ್ನು, ಅಂದರೆ ಸುಮಾರು 32 ಗ್ರಾಂ, ಸೆಕೆಂಡಿಗೆ 50 ಮೀಟರ್ ಆಸುಪಾಸಿನಲ್ಲಿ ಬಿಡುತ್ತದೆ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ 40 ಜೂಲ್. ಈಗಿನ, ಗಾಲಿ-ಕೇಬಲ್ ಇರುವ ಕಾಂಪೌಂಡ್ ಬಿಲ್ಲಿನ ಶಕ್ತಿಗೆ ಇದು ಅರ್ಧವೂ ಆಗಲಿಕ್ಕಿಲ್ಲ. ಇಷ್ಟರಲ್ಲೇ ಚರ್ಮ, ಪಕ್ಕೆಲುಬು, ಶ್ವಾಸಕೋಶ ದಾಟಿ ಆಚೆ ಬರಬೇಕು. ಮೊಂಡು ಈಳಿಗೆಯ ಮೇಲೆ ಹಣ್ಣಾದ ಟೊಮೆಟೊ ಇಟ್ಟರೆ ಸಿಪ್ಪೆ ಹರಿಯದೆ ಒಳಗಿನ ತಿರುಳು ಅಪ್ಪಚ್ಚಿಯಾಗುತ್ತದಲ್ಲ, ಮೊಂಡು ಬಾಣದ ಮುಂದೆ ರಕ್ತನಾಳವೂ ಹಾಗೇ ಸರಿದು ಜಾರಿಕೊಳ್ಳುತ್ತದೆ. ಹರಿತವಿದ್ದರೆ ಕಚ್ಚು ಸ್ವಚ್ಛ ಬೀಳುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಪ್ರಾಣಿ ಕೆಲವೇ ಸೆಕೆಂಡಿನಲ್ಲಿ ಕುಸಿಯುತ್ತದೆ. ಇಲ್ಲದಿದ್ದರೆ ಅದು ಗಾಯ ಹೊತ್ತು ಎಲ್ಲೋ ಹೋಗಿ ನರಳಿ ಸಾಯುತ್ತದೆ. ಬೆಲೆಯ ಮಾತಿಗೆ ಮೊದಲು ಇದು ತಲೆಯಲ್ಲಿರಲಿ.

ತೆರೆದುಕೊಳ್ಳುವ ಮೆಕ್ಯಾನಿಕಲ್ ಬ್ರಾಡ್‌ಹೆಡ್ ಸಾಂಪ್ರದಾಯಿಕ ಬಿಲ್ಲಿಗೆ ಬೇಡವೇ ಬೇಡ. ರೆಕ್ಕೆ ಬಿಚ್ಚುವುದಕ್ಕೇ ಶಕ್ತಿ ಹೋಗುತ್ತದೆ, ಇರುವುದೇ ಅಷ್ಟು.

ಬೆಲೆ ಹೆಚ್ಚಾದಂತೆ ಸಿಗುವುದು ಏನು? ನನ್ನ ಮೇಜಿನ ಮೇಲೆ ಕಂಡಿದ್ದು ಮೂರು: ಉಕ್ಕು, ನೇರ, ತೂಕ.

ನೇರ ಇದೆಯೋ ಇಲ್ಲವೋ ನೋಡಲು ಅಳಿಯ ತಂದ ಬಾಣಕ್ಕೆ ಒಂದೊಂದಾಗಿ ಹಾಕಿ, ವಿ ಬ್ಲಾಕ್ (ವಿ ಆಕಾರದ ತೋಡಿರುವ ಆಸರೆ) ಮೇಲಿಟ್ಟು, ಮೊನೆಗೆ ಓಲಾಟ ಅಳೆಯುವ ಡಯಲ್ ಇಂಡಿಕೇಟರ್ ತಾಗಿಸಿ ತಿರುಗಿಸಿದೆ. ನಲವತ್ತು ಡಾಲರಿನದಕ್ಕೆ ಮುಳ್ಳು ಅಲುಗಿದ್ದೇ ಗೊತ್ತಾಗಲಿಲ್ಲ. ಹತ್ತು ಡಾಲರಿನದಕ್ಕೆ ತುಸು ಅಲುಗಿತು, ಬಿಚ್ಚಿ ಇನ್ನೊಂದು ದಿಕ್ಕಿಗೆ ತಿರುಗಿಸಿ ಕೂರಿಸಿದಾಗ ಅದೂ ನಿಂತಿತು. ಮೂರು ಡಾಲರಿನದನ್ನು ನೋಡಲು ಡಯಲ್ಲೇ ಬೇಕಿರಲಿಲ್ಲ, ಓಲಾಟ ಬರಿಗಣ್ಣಿಗೇ ಕಾಣುತ್ತಿತ್ತು. ಹೀಗೆ ಓಲಾಡುವ ಅಲಗು ಗಾಳಿಯಲ್ಲಿ ರೆಕ್ಕೆಯಂತೆ ಕೆಲಸ ಮಾಡಿ ಬಾಣವನ್ನು ಪಕ್ಕಕ್ಕೆ ಎಳೆಯುತ್ತದೆ. ಮನೆಯಲ್ಲಿ ಡಯಲ್ ಇರುವುದಿಲ್ಲ. ಮೊನೆಯನ್ನು ಮರದ ತುಂಡಿನ ಮೇಲಿಟ್ಟು ಬಾಣ ನೆಟ್ಟಗೆ ನಿಲ್ಲಿಸಿ, ಬೆರಳಿನಿಂದ ಬುಗುರಿಯ ಹಾಗೆ ತಿರುಗಿಸಿ. ಅಲಗು ಬಾಣಕ್ಕೆ ಸೇರುವ ಜಾಗ ನಡುಗಿದರೆ ಅದು ನೇರ ಇಲ್ಲ. ಮರದ ಬಾಣಕ್ಕೆ ಅಂಟಿಸುವ ಬ್ರಾಡ್‌ಹೆಡ್ ಆದರೆ ಹಾಟ್ ಮೆಲ್ಟ್ ಅಂಟನ್ನು ಮತ್ತೆ ಬಿಸಿ ಮಾಡಿ ತಿರುಗಿಸಿ ಕೂರಿಸಬಹುದು. ಅಲ್ಲಿ ಮರದ ತುದಿಗೆ 5 ಡಿಗ್ರಿ ಟೇಪರ್ (ಚೂಪಾಗುವ ಇಳಿಜಾರು) ಸರಿಯಾಗಿ ಹೊಡೆದಿರಬೇಕು, ಇಲ್ಲದಿದ್ದರೆ ಎಷ್ಟು ದುಬಾರಿ ಅಲಗು ಹಾಕಿದರೂ ಸೊಟ್ಟಗೇ ಕೂರುತ್ತದೆ.

ಉಕ್ಕಿನ ಪರೀಕ್ಷೆಗೆ ಒಂದು ಎಂ.ಎಸ್. (ಮೆತ್ತನೆಯ ಉಕ್ಕಿನ) ಪ್ಲೇಟ್ ಇಟ್ಟು, ಅದರ ಮೇಲೆ ಒಂದೊಂದರ ಮೊನೆ ನಿಲ್ಲಿಸಿ ಸಣ್ಣ ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟೆ. ಅಗ್ಗದ್ದರ ಮೊನೆ ಉಗುರಿನ ಹಾಗೆ ಸುರುಳಿ ಸುತ್ತಿಕೊಂಡಿತು. ಉಳಿದೆರಡೂ ಪ್ಲೇಟಿಗೆ ಚುಕ್ಕೆ ಹಾಕಿದವು. ಹತ್ತರದ್ದರ ತುದಿ ಕೂದಲೆಳೆಯಷ್ಟು ಚಪ್ಪಟೆಯಾಗಿತ್ತು, ಕಲ್ಲಿನ ಮೇಲೆ ಎಳೆದರೆ ಹೋಗುವಷ್ಟು. ಎಲುಬಿಗೆ ತಾಗಿದಾಗ ಸುರುಳಿ ಸುತ್ತಿದ ಮೊನೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಅಗ್ಗದ್ದು ಅಗ್ಗವಲ್ಲ ಅಂತ ನಾನು ಅಳಿಯನಿಗೆ ಖಡಾಖಂಡಿತ ಹೇಳಿದ್ದು ಈ ಒಂದೇ ಪೆಟ್ಟು ನೋಡಿ.

ಹಾರ್ಡ್‌ನೆಸ್ ಬರೆದಿದ್ದರೆ 52ರಿಂದ 56 ಎಚ್‌ಆರ್‌ಸಿ (ಉಕ್ಕಿನ ಗಡಸುತನದ ರಾಕ್‌ವೆಲ್ ಅಳತೆ) ಇರುವುದನ್ನು ಹುಡುಕಿ. ಅದಕ್ಕಿಂತ ಮೆತ್ತಗಾದರೆ ಧಾರೆ ಮಡಚುತ್ತದೆ, 60 ದಾಟಿದರೆ ಎಲುಬಿಗೆ ತಾಗಿ ಚಕ್ಕೆ ಏಳುವ ಭಯ. ಬರೆದಿಲ್ಲವಾದರೆ ಹೊಸ ಫೈಲಿನಿಂದ ಬೆವೆಲ್ ಮೇಲೆ, ಅಂದರೆ ಧಾರೆಗೆ ಇಳಿಯುವ ಓರೆ ಮೈಮೇಲೆ, ಮೆಲ್ಲಗೆ ಒಮ್ಮೆ ಎಳೆಯಿರಿ. ಬೆಣ್ಣೆಯ ಹಾಗೆ ಕೊರೆದರೆ ಮೆತ್ತಗಿದೆ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಫೈಲಿಗೆ ಮಣಿಯದಷ್ಟು ಗಟ್ಟಿ, ಡೈಮಂಡ್ ಕಲ್ಲು ಬೇಕಾಗುತ್ತದೆ. ಗರಗರ ಅನ್ನುತ್ತ ತುಸು ತುಸು ಕಚ್ಚಿದರೆ ಸರಿಯಾದ ಹದ.

ಆಕಾರದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ, 45-50 ಪೌಂಡಿನ ಬಿಲ್ಲಿಗೆ ಎರಡು ಧಾರೆಯದ್ದೇ. ಅಗಲದ ಎರಡು-ಮೂರು ಪಟ್ಟು ಉದ್ದವಿದ್ದರೆ ಇಳಿಜಾರು ನಿಧಾನವಾಗಿ, ಕಡಿಮೆ ಶಕ್ತಿಯಲ್ಲಿ ಒಳಗೆ ಇಳಿಯುತ್ತದೆ. ಮೂರು ಧಾರೆಯದನ್ನು ಸಾಣೆ ಹಿಡಿಯುವುದು ಸುಲಭ, ಎರಡು ಅಂಚನ್ನು ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಿ ಎಳೆದರೆ ಆಯಿತು. ಆದರೆ ಹಾಗೆ ಎಳೆದಾಗ ಸಿಗುವ ಕೋನ 60 ಡಿಗ್ರಿ. ಮರ ಸೀಳುವ ಕೊಡಲಿಗೆ ಸಾಕು, ಬಡ ಬಿಲ್ಲಿಗೆ ದಪ್ಪವಾಯಿತು. ಅಗಲವನ್ನು ನಿಮ್ಮ ರಾಜ್ಯದ ನಿಯಮ ಪುಸ್ತಕ ನೋಡಿ ಆರಿಸಿ, ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕನಿಷ್ಠ 7/8 ಇಂಚು, ಅಂದರೆ 22 ಮಿ.ಮೀ. ಇರಬೇಕು. ಹಿಂದಕ್ಕೆ ಕೊಕ್ಕೆಯಂತಿರುವ ಅಲಗನ್ನು ಕೆಲವು ಕಡೆ ನಿಷೇಧಿಸಿದ್ದಾರೆ. ಬಿಲ್ಲಿನ ಕನಿಷ್ಠ ಪೌಂಡೂ ಅದೇ ಪುಸ್ತಕದಲ್ಲಿ ಇರುತ್ತದೆ.

ಇನ್ನು ಸಾಣೆ. ನಲವತ್ತು ಡಾಲರಿನದು ಡಬ್ಬಿಯಿಂದ ಬಂದಾಗ ಮುಂಗೈ ಕೂದಲು ಬೋಳಿಸುತ್ತಿತ್ತು, ಹತ್ತರದ್ದು ಬೋಳಿಸುತ್ತಿರಲಿಲ್ಲ. ಜನ ಇದನ್ನು ನೋಡಿಯೇ ರೊಕ್ಕ ಕೊಡುತ್ತಾರೆ. ಆದರೆ ಒಂದು ಸಲ ಮಣ್ಣಿಗೆ ನೆಟ್ಟ ಮೇಲೆ, ಒಂದು ಮಳೆಯಲ್ಲಿ ನೆನೆದ ಮೇಲೆ, ಎರಡೂ ಒಂದೇ. ಆಗ ನೀವೇ ಕೂತು ಹಿಡಿಯಬೇಕು.

ಮೊದಲು ಬೆವೆಲ್ ಮೇಲೆ ಕಪ್ಪು ಮಾರ್ಕರ್ ಪೆನ್ನಿನಿಂದ ಬಳಿಯಿರಿ. ಅಲಗನ್ನು ತುಂಡು ಬಾಣಕ್ಕೆ ಹಾಕಿಕೊಂಡರೆ ಹಿಡಿಯಲು ಹಿಡಿಕೆ ಆಗುತ್ತದೆ. ಫೈಲಿನ ಮೇಲೆ ಬೆವೆಲ್ ಮಲಗಿಸಿ ಒಮ್ಮೆ ಎಳೆದು, ಎತ್ತಿ ನೋಡಿ. ಕಪ್ಪು ಮೇಲ್ಗಡೆ ಮಾತ್ರ ಹೋಗಿದ್ದರೆ ಕೋನ ಕಡಿಮೆಯಾಗಿದೆ, ತುದಿ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಹೆಚ್ಚಾಗಿದೆ. ಪೂರ್ತಿ ಹೋಗುವ ಕೋನವನ್ನು ಕೈ ಹಿಡಿದಿಟ್ಟುಕೊಳ್ಳಬೇಕು. ಎರಡೂ ಕಡೆ ಬೆವೆಲ್ ಇರುವುದಕ್ಕೆ ಒಂದೊಂದು ಬದಿಗೆ 20ರಿಂದ 25 ಡಿಗ್ರಿ. ಒಂದೇ ಬದಿಯಲ್ಲಿ ಎಳೆಯುತ್ತ ಹೋಗಿ, ಹಿಂಬದಿಯಲ್ಲಿ ಉಗುರು ಅಡ್ಡ ಸವರಿದಾಗ ಸಣ್ಣ ತಂತಿಯಂಥದ್ದು ತಡೆಯಬೇಕು. ವರ್ಕ್‌ಶಾಪಿನಲ್ಲಿ ಇದನ್ನೇ ಬರ್ ಅನ್ನುತ್ತೇವೆ. ಬರ್ ಬುಡದಿಂದ ಮೊನೆಯವರೆಗೆ ಎಲ್ಲೂ ತುಂಡಾಗದೆ ಎದ್ದಿದ್ದರೆ ಮಾತ್ರ ಆ ಬದಿ ಮುಗಿಯಿತು. ಹೆಚ್ಚಿನವರ ಅಲಗು ಹರಿತವಾಗದೇ ಇರುವುದು ಇಲ್ಲಿ, ಬರ್ ಏಳುವ ಮೊದಲೇ ಬದಿ ಬದಲಿಸುತ್ತಾರೆ.

ಎರಡನೇ ಬದಿಯೂ ಹಾಗೇ ಆದ ಮೇಲೆ ಫೈಲ್ ಬಿಟ್ಟು ಕಲ್ಲಿಗೆ ಬನ್ನಿ. 400 ಗ್ರಿಟ್‌ನ ಕಲ್ಲು, ಆಮೇಲೆ ಇನ್ನೂ ನುಣುಪಾದ 1000ದ್ದು. ಈಗ ಒತ್ತಡ ಕಡಿಮೆ ಮಾಡುತ್ತ, ಬದಿ ಬದಲಿಸುತ್ತ ಹೋಗಿ, ಕಡೆಗೆ ಕಲ್ಲಿನ ಮೇಲೆ ಅಲಗಿನ ತೂಕ ಮಾತ್ರ ಇರಬೇಕು. ಬರ್ ಸಣ್ಣದಾಗುತ್ತದೆ, ಹೋಗಿರುವುದಿಲ್ಲ. ಅದನ್ನು ತೆಗೆಯುವುದು ಚರ್ಮ. ಅಳಿಯನಿಗೆ ನಾನು ಕೊಟ್ಟು ಕಳಿಸಿದ್ದು ಅಥಣಿಯ ಚಪ್ಪಲಿ ಮಾಡುವವರಿಂದ ತಂದ ಚರ್ಮದ ಪಟ್ಟಿ. ಕೊಲ್ಹಾಪುರಿ ಚಪ್ಪಲಿಗೆ ಬಳಸುವ ಆ ಚರ್ಮ ಗಿಡಮರದ ತೊಗಟೆ-ಕಾಯಿಗಳಿಂದ ಹದ ಮಾಡಿದ್ದು, ಗಟ್ಟಿ, ಒತ್ತಿದರೆ ತಗ್ಗುವುದಿಲ್ಲ. ಮೆತ್ತನೆಯ ಚರ್ಮ ಧಾರೆಯ ಸುತ್ತ ಉಬ್ಬಿ ಅದನ್ನು ಗುಂಡಗೆ ಮಾಡುತ್ತದೆ. ಪಟ್ಟಿಯನ್ನು ಹಲಗೆಗೆ ಅಂಟಿಸಿ, ಹಸಿರು ಪಾಲಿಶ್ ಸೋಪು ತಿಕ್ಕಿ, ಧಾರೆಯನ್ನು ಹಿಂದೆ ಬಿಟ್ಟು ಎಳೆಯಿರಿ. ಮುಂದಕ್ಕೆ ನೂಕಿದರೆ ಚರ್ಮ ಕತ್ತರಿಸಿ ಹೋಗುತ್ತದೆ.

ಆಯಿತೋ ಇಲ್ಲವೋ ನೋಡಲು ದೀಪದ ಕೆಳಗೆ ಧಾರೆಯನ್ನು ನೇರ ನಿಮ್ಮ ಕಡೆ ತಿರುಗಿಸಿ. ಎಲ್ಲಾದರೂ ಬಿಳಿ ಗೆರೆ ಹೊಳೆದರೆ ಅಲ್ಲಿ ಮೊಂಡು. ಹರಿತವಾದ ಧಾರೆ ಬೆಳಕಿಗೆ ಕಾಣುವುದೇ ಇಲ್ಲ. ಆಮೇಲೆ ಒಂದು ರಬ್ಬರ್ ಬ್ಯಾಂಡ್ ಎರಡು ಮೊಳೆಯ ನಡುವೆ ಸಡಿಲವಾಗಿ ಕಟ್ಟಿ, ಧಾರೆ ತಾಗಿಸಿ. ತಳ್ಳದೇ ಕತ್ತರಿಸಿದರೆ ರಕ್ತನಾಳವನ್ನೂ ಕತ್ತರಿಸುತ್ತದೆ. ಹೆಬ್ಬೆರಳಿನಿಂದ ಪರೀಕ್ಷೆ ಮಾಡಬೇಡಿ.

ಬೆಂಚ್ ಗ್ರೈಂಡರ್ ಹತ್ತಿರ ಮಾತ್ರ ಒಯ್ಯಬೇಡಿ. ತೆಳ್ಳನೆಯ ಅಂಚು ಕಣ್ಣು ಮುಚ್ಚಿ ತೆರೆಯುವುದರಲ್ಲಿ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ನೀಲಿಯಾಗುತ್ತದೆ. ಆ ನೀಲಿ ಬಂದಲ್ಲಿ ಹದ ಇಳಿದಿರುತ್ತದೆ, ನಲವತ್ತು ಡಾಲರಿನ ಉಕ್ಕೂ ಅಲ್ಲಿ ಕಳಪೆ.

ಹಾಗಾದರೆ ದುಬಾರಿಯದ್ದು ಯಾರಿಗೆ? ಎಲ್ಕ್, ಮೂಸ್‌ನಂಥ ದೊಡ್ಡ ಎಲುಬಿನ ಪ್ರಾಣಿಗೆ ಹೋಗುವವರಿಗೆ ದಪ್ಪ, ಅಚ್ಚುಕಟ್ಟು ಹದದ ಒಂದೇ ಬೆವೆಲ್ ಅಲಗು ನಿಜಕ್ಕೂ ಬೇಕಾಗಬಹುದು. ಒಂದೇ ಬೆವೆಲ್ ಇದ್ದಾಗ ಒಳಗೆ ಹೋಗುತ್ತ ಅಲಗು ತಿರುಗಿ ಎಲುಬನ್ನು ಸೀಳುತ್ತದೆ. ಆದರೆ ಬಲ ಬೆವೆಲ್‌ಗೆ ಬಲಕ್ಕೆ ತಿರುಗುವ ಗರಿ, ಎಡಕ್ಕೆ ಎಡ ಗರಿ. ಇದು ತಪ್ಪಿದರೆ ಗರಿ ಒಂದು ಕಡೆ, ಅಲಗು ಇನ್ನೊಂದು ಕಡೆ ತಿರುಗಿ ಕೊಟ್ಟ ರೊಕ್ಕ ವ್ಯರ್ಥ. ಕೈ ನಡುಗುವವರು, ಕಣ್ಣು ಮಂದವಾದವರು ಸಾಣೆ ಹಿಡಿಯಲಾಗದಿದ್ದರೆ ಅವರಿಗೂ ಹರಿತವಾಗಿಯೇ ಬರುವ ದುಬಾರಿಯದ್ದು ನ್ಯಾಯವೇ. ಜಿಂಕೆಗೆ ಹೋಗುವ ಉಳಿದವರಿಗೆ ನಡುವಿನದು ಸಾಕು.

ಕೊಂಡ ಮೇಲೆ ಎಲ್ಲವನ್ನೂ ಗ್ರೇನ್ ತಕ್ಕಡಿಯಲ್ಲಿ ತೂಗಿ. 150 ಗ್ರೇನ್ ಅಂತ ಬರೆದದ್ದು ಎಲ್ಲವೂ 150 ಇರುವುದಿಲ್ಲ. ಅಷ್ಟೇ ತೂಕದ ಅಭ್ಯಾಸದ ಮೊನೆಯಿಂದ ಕೈ ಪಳಗಿಸಿ, ಆದರೆ ಸೀಸನ್‌ಗೆ ಮುಂಚೆ ಬ್ರಾಡ್‌ಹೆಡ್ಡನ್ನೇ ಫೋಮ್ ಗುರಿಗೆ ಹೊಡೆದು ನೋಡಿ. ಎರಡೂ ಒಂದೇ ಜಾಗಕ್ಕೆ ಬೀಳಬೇಕು. ಬಲಗೈಯವರಿಗೆ ಬ್ರಾಡ್‌ಹೆಡ್ ಎಡಕ್ಕೆ ಬೀಳುತ್ತಿದ್ದರೆ ಬಾಣದ ಕಡ್ಡಿ ಆ ಬಿಲ್ಲಿಗೆ ಬಿಗಿ, ಅಂದರೆ ಬಾಗುವುದು ಕಡಿಮೆ, ಬಲಕ್ಕಾದರೆ ಮೆದು. ಆಗ ಅಲಗು ಬದಲಿಸಿ ಫಲವಿಲ್ಲ, ಬಾಣವನ್ನೇ ಸರಿಪಡಿಸಬೇಕು. ಫೋಮಿಗೆ ಹೊಡೆದ ಅಲಗು ಮೊಂಡಾಗಿರುತ್ತದೆ, ಕಾಡಿಗೆ ಹೊರಡುವ ಮುನ್ನ ಮತ್ತೆ ಸಾಣೆ. ಕಾರ್ಬನ್ ಉಕ್ಕಾದರೆ ತೆಳ್ಳಗೆ ಎಣ್ಣೆ ಅಥವಾ ಮೇಣ ಸವರಿ, ಧಾರೆ ಪೂರ್ತಿ ಮುಚ್ಚುವ ಬತ್ತಳಿಕೆಯಲ್ಲಿ ಇಡಿ. ಬಿಲ್ಲಿಗೆ ದಾರ ಏರಿಸುವಾಗಲೂ ಬಾಣಗಳು ಅದರಲ್ಲೇ ಇರಲಿ.