ಭಾನುವಾರ ರಾತ್ರಿಯ ಮೆಸ್ಸು

ಧಾರವಾಡದಲ್ಲಿ ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಹುಡುಗರ ಹಾಸ್ಟೆಲ್ಲಿಗೆ ನಾನು ವಾರ್ಡನ್ ಆದಾಗ ನನ್ನ ಆಯುಧ ಎರಡೇ: ಒಂದು ಟಾರ್ಚು, ಒಂದು ರಿಜಿಸ್ಟರ್. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುವುದು, ಮಂಚದ ಕೆಳಗೆ ಬಾಟಲಿ ಹುಡುಕುವುದು, ಸಿಕ್ಕವರ ಮನೆಗೆ ಫೋನ್ ಮಾಡುವುದು. ಆರು ತಿಂಗಳು ಇದೇ ಕೆಲಸ. ಬಾಟಲಿಗಳು ಕೋಣೆ ಬಿಟ್ಟು ಊರ ಹೊರಗಿನ ಢಾಬಾಗಳಿಗೆ ಹೋದವು, ಅಷ್ಟೆ. ನಾನು ಮಾತ್ರ ಬಹಳ ಕಡಕ್ ವಾರ್ಡನ್ ಅನ್ನಿಸಿಕೊಂಡೆ.

ಆಮೇಲೆ ಒಂದು ರಾತ್ರಿ ಎರಡೂವರೆಗೆ ವಾಚ್‌ಮನ್ ಬಂದು ಎಬ್ಬಿಸಿದ. ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಸಿದ ಹುಡುಗ ಗೆಳೆಯರಿಗೆ ಪಾರ್ಟಿ ಕೊಟ್ಟಿದ್ದ. ಅಂಗಾತ ಮಲಗಿದ್ದ. ಬಾಯಿಯ ಅಂಚಿನಲ್ಲಿ ವಾಂತಿ, ಉಸಿರು ಗೊರಗೊರ. ಗೆಳೆಯರು ಹನ್ನೊಂದರಿಂದ ಮುಖಕ್ಕೆ ನೀರು ಹೊಡೆದು, ನಿಂಬೆಹಣ್ಣಿನ ರಸ ಕುಡಿಸಿ, ಬಾಗಿಲು ಹಾಕಿಕೊಂಡು ಕೂತಿದ್ದರು. ಪಕ್ಕಕ್ಕೆ ಹೊರಳಿಸಿ ಮಲಗಿಸಿದೆವು, 108ಕ್ಕೆ ಫೋನ್ ಮಾಡಿದೆವು. ಹುಡುಗ ಉಳಿದ. ಮರುದಿನ ಕೇಳಿದೆ, ‘ನನಗ ಯಾಕ ಹೇಳಲಿಲ್ಲೋ?’

‘ನಿಮಗ ಹೇಳಿದ್ರ ಮನಿಗೆ ಫೋನ್ ಮಾಡ್ತಿದ್ರಲ್ರಿ ಸರ.’

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಡ್ತಿದ್ದೆ ನಿಜ.

ಆ ವಾರವೇ ಹೊಸ ಕರಾರು ಹಾಕಿದೆ. ಗೆಳೆಯ ಎಚ್ಚರ ತಪ್ಪಿದರೆ ಮೊದಲು 108, ಆಮೇಲೆ ನಾನು. ಫೋನ್ ಮಾಡಿದವನ ಮೇಲಾಗಲಿ, ಬಿದ್ದವನ ಮೇಲಾಗಲಿ ಕ್ರಮ ಇಲ್ಲ. ಚಟ ಬಿಡಬೇಕು ಅಂತ ತಾನಾಗಿ ಬಂದವನ ಸುದ್ದಿ ಅವನು ಬೇಡ ಅಂದರೆ ಮನೆಗೆ ಹೋಗುವುದಿಲ್ಲ. ಇವರೆಲ್ಲ ಇಪ್ಪತ್ತೊಂದು ದಾಟಿದವರು, ಚಿಕ್ಕ ಮಕ್ಕಳಲ್ಲ. ಮಾದಕವಸ್ತು ಮಾರುವವನಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಮೇಲಿನವರು ಮುಖ ಗಂಟು ಹಾಕಿದರು. ‘ಹುಡುಗರಿಗೆ ಲೈಸೆನ್ಸ್ ಕೊಟ್ಟಂಗಾತಲ್ರಿ?’ ನಾನು ಕಾನೂನನ್ನೇ ತೋರಿಸಿದೆ. 1985ರ ಮಾದಕವಸ್ತು ಕಾಯ್ದೆ ಎಷ್ಟು ಬಿಗಿ ಅಂತ ಎಲ್ಲರಿಗೂ ಗೊತ್ತು. ಅದರಲ್ಲೇ 64ಎ ಅಂತ ಒಂದು ಕಲಮು ಇದೆ. ಸೇವಿಸಿದ್ದಕ್ಕೋ, ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸು ಬಿದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಸಂಸತ್ತೇ ಇಷ್ಟು ಸಡಿಲ ಬಿಟ್ಟಿರುವಾಗ ಒಬ್ಬ ವಾರ್ಡನ್ ಬಿಟ್ಟರೆ ಏನಾಯ್ತು?

ಭಾಷಣಗಳನ್ನು ನಿಲ್ಲಿಸಿದೆ. ಮಾದಕವಸ್ತು ವಿರೋಧಿ ದಿನ ಅಂತ ಜೂನ್ 26ಕ್ಕೆ ಪ್ರತಿಜ್ಞೆ ಬೋಧಿಸುವುದು, ಫೋಟೊ ತೆಗೆಸಿಕೊಳ್ಳುವುದು ಬೇಕಾದರೆ ಇರಲಿ. ಎಂ.ಎಸ್ಸಿ. ಹುಡುಗರಿಗೆ ಲೆಕ್ಕ ನಾಟುತ್ತದೆ. ಒಂದು ಕ್ವಾರ್ಟರ್ ಅಂದರೆ 180 ಮಿ.ಲೀ. ಅದರಲ್ಲಿ 42.8 ಪರ್ಸೆಂಟ್ ಆಲ್ಕೋಹಾಲ್. ತೂಕದಲ್ಲಿ ಸುಮಾರು 60 ಗ್ರಾಂ. ಯಕೃತ್ತು ತಾಸಿಗೆ ಹೆಚ್ಚುಕಡಿಮೆ 10 ಗ್ರಾಂ ಅರಗಿಸುತ್ತದೆ. ಹಾಗಾದರೆ ಒಂದು ಕ್ವಾರ್ಟರ್ ಇಳಿಯಲು ಆರೇಳು ತಾಸು ಬೇಕು. ನಿಂಬೆರಸ, ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಕುಡಿಯುವುದು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ರಕ್ತದಲ್ಲಿ ಏರುತ್ತಲೇ ಇರುತ್ತದೆ. ‘ಮಲಗಿದ್ರ ಸರಿ ಹೋಗ್ತಾನ’ ಅನ್ನುವುದು ಅದಕ್ಕೇ ಅಪಾಯ.

ನಿಜವಾಗಿ ಕೆಲಸ ಮಾಡಿದ್ದು ಮೆಸ್ಸು. ನಮ್ಮಲ್ಲಿ ಭಾನುವಾರ ರಾತ್ರಿ ಮೆಸ್ ಬಂದ್. ಹುಡುಗರು ಊಟಕ್ಕೆ ಅಂತ ಹೊರಗೆ ಹೋಗುತ್ತಿದ್ದರು. ನಾಲ್ಕು ಜನ, ಎರಡು ಬೈಕು, ಢಾಬಾ. ಊಟ ಬರುವುದರೊಳಗೆ ಎಣ್ಣೆ ಬರುತ್ತಿತ್ತು. ಹೊಸದಾಗಿ ಸೇರಿದವನು ಮೊದಲ ಗ್ಲಾಸು ಹಿಡಿಯುತ್ತಿದ್ದದ್ದೇ ಅಲ್ಲಿ. ಇದು ನನಗೆ ಹೊಳೆಯಲು ಒಂದು ವರ್ಷ ಬೇಕಾಯ್ತು ನೋಡಿ! ಅಡುಗೆಯವರಿಗೆ ರಜೆಯನ್ನು ಬುಧವಾರ ಮಧ್ಯಾಹ್ನಕ್ಕೆ ಬದಲಿಸಿದೆವು. ಅವರು ಒಪ್ಪಲು ಎರಡು ತಿಂಗಳು ಹಿಡಿಯಿತು. ಈಗ ಭಾನುವಾರ ರಾತ್ರಿ ಬಿಸಿ ಜೋಳದ ರೊಟ್ಟಿ, ಎಣಗಾಯಿ. ಎಲ್ಲರೂ ಉಳಿಯುವುದಿಲ್ಲ. ಬೇರೆ ದಾರಿ ಇಲ್ಲದೆ ಜೊತೆ ಹೋಗುತ್ತಿದ್ದವರು ಉಳಿಯುತ್ತಾರೆ. ವೈವಾ ಪಾರ್ಟಿಯನ್ನೂ ಹೀಗೇ ಹಗಲಿಗೆ ಎಳೆದೆವು. ವಿಭಾಗದಲ್ಲೇ ಗಿರ್ಮಿಟ್ಟು, ಮಿರ್ಚಿ ಭಜಿ, ಚಹಾ.

ಆಡಿಟ್ ಅಂತ, ಕುಡಿತ ಎಷ್ಟು ಮಿತಿಮೀರಿದೆ ಅಂತ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಪಟ್ಟಿ ಇದೆ. ಹೆಸರು ಕೇಳಿ ಮೆಸ್ ಲೆಕ್ಕದ ಆಡಿಟ್ ಅಂದುಕೊಂಡು ಸಭೆಗೆ ಎಲ್ಲರೂ ಬಂದರು. ಹೆಸರು ಬರೆಯುವ ಹಾಗಿಲ್ಲ, ಕಾಗದ ನನಗೆ ಕೊಡುವ ಹಾಗೂ ಇಲ್ಲ. ತಾವೇ ಅಂಕ ಕೂಡಿಸಿ ನೋಡಿಕೊಳ್ಳುವುದು. 40ಕ್ಕೆ 8 ಮುಟ್ಟಿದರೆ ಯೋಚಿಸಬೇಕಾದ ಮಾತು. ಹದಿನೈದು ದಿನ ಬಿಟ್ಟು ಒಬ್ಬ ಬಂದ. ‘ಸರ, ನಂದು ಇಪ್ಪತ್ತೆರಡು ಬಂತ್ರಿ.’ ಅಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆ ಮೂರು ಸಲ ಕೈಕೊಟ್ಟಿತ್ತು. ನಿದ್ದೆ ಬರಲಿ ಅಂತ ಶುರುವಾದದ್ದು ದಿನಕ್ಕೆ ಎರಡು ನೈಂಟಿಗೆ ಬಂದು ನಿಂತಿತ್ತು. ‘ಇವತ್ತಿಂದಲೇ ಬಿಡ್ತೀನ್ರಿ’ ಅಂದ. ಬೇಡಪ್ಪಾ ಅಂದೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ ಬರುತ್ತದೆ, ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಕೂಡ. ಮೊದಲು ಡಾಕ್ಟರಿಗೆ ತೋರಿಸಬೇಕು.

ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಅದನ್ನು ಜನ ಇನ್ನೂ ಹುಚ್ಚರ ಆಸ್ಪತ್ರೆ ಅಂತಲೇ ಕರೆಯುವುದರಿಂದ ಹುಡುಗ ಗೇಟಿನ ಹತ್ತಿರ ಹಿಂದೇಟು ಹಾಕಿದ. ನಾನೂ ಸಾಲಿನಲ್ಲಿ ನಿಂತೆ. ನೋಡಿದವರು ಯಾರು ಪೇಷೆಂಟು ಅಂತ ಊಹಿಸಿಕೊಳ್ಳಲಿ. ಬರಲು ನಾಚುವವರಿಗೆ ಎರಡು ನಂಬರ್ ಕೊಡುತ್ತೇನೆ. ಚಟ ಬಿಡಿಸುವ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿದ್ದೇವೆ. ನೋಟಿಸ್ ಬೋರ್ಡಿನ ಮುಂದೆ ನಿಂತು ಬರೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ, ಅಲ್ವಾ?

ಮಾತ್ರೆಗಳ ವಿಷಯದಲ್ಲಿ ನಾನು ಇನ್ನೂ ಸೋಲುತ್ತಿದ್ದೇನೆ. ನಿದ್ದೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು. ವಾಸನೆ ಇಲ್ಲ, ಬಾಟಲಿ ಸಿಕ್ಕರೂ ‘ಕೆಮ್ಮು ಸರ’ ಅನ್ನುತ್ತಾರೆ. ಹಳೆಯ ರಿಜಿಸ್ಟರಿನಲ್ಲಿ ಈಗ ಊಟದ ಹಾಜರಿ ನೋಡುತ್ತೇನೆ. ಮೂರು ದಿನ ಬರದವನ ಕೋಣೆಗೆ ರೊಟ್ಟಿ ಡಬ್ಬಿ ಹಿಡಿದು ಹೋಗುತ್ತೇನೆ. ಹೆಚ್ಚಿನ ಸಲ ಅವನಿಗೆ ಬರೀ ಜ್ವರ ಇರುತ್ತದೆ.